ನಕ್ಷತ್ರ ಗುರುತಿನ ಪಕ್ಷ

ಜುಲೈ 19 ಬಂತೆಂದರೆ ನಮ್ಮ ಬ್ಯಾಂಕಿನವರಿಗೆ ಅದೊಂದು ಹಬ್ಬವಲ್ಲದ ಹಬ್ಬ. 1969ರಲ್ಲಿ ಆ ದಿನ ದೇಶದ ಹದಿನಾಲ್ಕು ದೊಡ್ಡ ಬ್ಯಾಂಕುಗಳು ಸರಕಾರದ ವಶವಾದವು. ನಾನು 1992ರಲ್ಲಿ ಕೆಲಸಕ್ಕೆ ಸೇರಿ ಮುಂಬೈಗೆ ಬಂದಾಗ ಯೂನಿಯನ್ನಿನವರು ಆ ದಿನ ಗೇಟಿನ ಹತ್ತಿರ ಪೋಸ್ಟರ್ ಅಂಟಿಸಿ, ಊಟದ ಹೊತ್ತಿಗೆ ನಾಲ್ಕು ಮಾತಾಡಿಸುತ್ತಿದ್ದರು. ರಾಷ್ಟ್ರೀಕರಣ ಮಾಡಿದ್ದು ಯಾರು ಅಂತ ಕೇಳಿದರೆ ಇಂದಿರಾ ಗಾಂಧಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಗಟ್ಟಿಯಾಗಿ ವಿರೋಧಿಸಿದ್ದು ಯಾರು ಅಂತ ಕೇಳಿ ನೋಡಿ. ಈಗಿನ ಹುಡುಗರು ತಲೆ ಕೆರೆದುಕೊಂಡು "ಜನಸಂಘ ಇರಬೇಕು ಸಾರ್" ಅನ್ನುತ್ತಾರೆ. ಜನಸಂಘವೂ ವಿರೋಧಿಸಿತ್ತು, ಸುಳ್ಳಲ್ಲ. ಆದರೆ ಆಗ ಲೋಕಸಭೆಯಲ್ಲಿ ಅತಿ ದೊಡ್ಡ ವಿರೋಧ ಪಕ್ಷ ಜನಸಂಘವಾಗಿರಲಿಲ್ಲ. ಅದು ಸ್ವತಂತ್ರ ಪಕ್ಷ. ನಕ್ಷತ್ರದ ಗುರುತಿನ ಪಕ್ಷ. ಹದಿನೈದೇ ವರ್ಷ ಬದುಕಿ ಹೆಸರಿಲ್ಲದಂತೆ ಹೋದ ಪಕ್ಷ.

ಇವತ್ತು ಬಲಪಂಥ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಬೇರೆಯೇ ಚಿತ್ರ. ಆದರೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಅರ್ಥದಲ್ಲಿ, ಅಂದರೆ ಆಸ್ತಿ, ವ್ಯಾಪಾರ, ಕಾನೂನು, ಹಳೆಯ ಸಂಸ್ಥೆಗಳು ಇವನ್ನೆಲ್ಲ ಸರಕಾರ ಅವಸರದಲ್ಲಿ ಮುಟ್ಟಬಾರದು ಅನ್ನುವ ಅರ್ಥದಲ್ಲಿ, ನಮ್ಮ ದೇಶದಲ್ಲಿ ಒಂದು ಅಖಿಲ ಭಾರತ ಮಟ್ಟದ ಪಕ್ಷ ಇದ್ದದ್ದು ಅದೊಂದೇ ಅಂತ ನನ್ನ ಎಣಿಕೆ. ಅದರ ಕಥೆ ಬರೆಯಲು ನನಗೊಂದು ಸ್ವಂತದ ಕಾರಣವೂ ಇದೆ. ನಾನು ಉಡುಪಿ ಕಡೆಯ ಒಬ್ಬ ಚಾಲಗೇಣಿ ಒಕ್ಕಲಿನ ಮೊಮ್ಮಗ, ಮೇಲಾಗಿ ಸರಕಾರಿ ಬ್ಯಾಂಕಿನ ನೌಕರ. ಈ ಎರಡೂ ಲೆಕ್ಕದಲ್ಲಿ ಆ ಪಕ್ಷ ಗೆದ್ದಿದ್ದರೆ ನಮ್ಮ ಮನೆಗೆ ನಷ್ಟವೇ. ಆದರೂ ಮೂವತ್ತು ವರ್ಷ ಲೆಡ್ಜರು, ಕಡತ ನೋಡಿದ ಮೇಲೆ ಆ ಪಕ್ಷದ ಎಷ್ಟೋ ಮಾತು ಸರಿಯಿತ್ತು ಅಂತ ಅನ್ನಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಹೇಗೆ? ಅದೇ ಈ ಬರಹ.

ಮೊದಲು ರಾಜಾಜಿ. ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸೇಲಂನಲ್ಲಿ ವಕೀಲಿಕೆ, ಆಮೇಲೆ ಗಾಂಧೀಜಿಯ ಹಿಂದೆ ಜೈಲು. 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹ, 1937ರಲ್ಲಿ ಮದ್ರಾಸಿನ ಪ್ರಧಾನಿ, 1948ರಲ್ಲಿ ಗವರ್ನರ್ ಜನರಲ್, 1954ರಲ್ಲಿ ಭಾರತರತ್ನ. ಕನ್ಸರ್ವೇಟಿವ್ ಅಂದರೆ ಮಡಿವಂತ ಅಂತ ತಿಳಿಯಬೇಡಿ. 1939ರಲ್ಲಿ ದಲಿತರ ದೇವಾಲಯ ಪ್ರವೇಶಕ್ಕೆ ಕಾನೂನಿನ ರಕ್ಷಣೆ ಕೊಟ್ಟದ್ದು ಅವರದೇ ಸರಕಾರ. ಮಗಳನ್ನು ಗಾಂಧೀಜಿಯ ಮಗ ದೇವದಾಸರಿಗೆ, ಬೇರೆ ಜಾತಿಗೆ, ಕೊಟ್ಟವರು ಅವರು.

ನಮ್ಮ ಕರಾವಳಿಯವರಿಗೆ ರಾಜಾಜಿ ಹೊರಗಿನವರೂ ಅಲ್ಲ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. 1952ರಿಂದ 54ರವರೆಗೆ ರಾಜಾಜಿ ನಮ್ಮ ಮುಖ್ಯಮಂತ್ರಿ. ವಿಜಯಾ ಬ್ಯಾಂಕ್ ಕಟ್ಟಿದ ಎ.ಬಿ. ಶೆಟ್ಟರು ಅವರ ಮಂತ್ರಿಮಂಡಲದಲ್ಲಿದ್ದರು. ಆ ಎರಡು ವರ್ಷಗಳಲ್ಲಿ ರಾಜಾಜಿ ಮಾಡಿದ ಎರಡು ಕೆಲಸಗಳನ್ನು ನೋಡಿದರೆ ಸಾಕು, ಮುಂದೆ ಬರಲಿದ್ದ ಪಕ್ಷದ ಬಲ, ದೌರ್ಬಲ್ಯ ಎರಡೂ ಕಾಣುತ್ತವೆ.

ಮೊದಲನೆಯದು ಅಕ್ಕಿಯದು. ಯುದ್ಧದ ಕಾಲದಿಂದ ಆಹಾರಧಾನ್ಯದ ಮೇಲೆ ಕಂಟ್ರೋಲು ಇತ್ತು. 1952ರಲ್ಲಿ ರಾಜಾಜಿ ಅದನ್ನು ತೆಗೆದುಹಾಕಿದರು. ಅಧಿಕಾರಿಗಳು ಹೆದರಿದ್ದರು, ಆದರೆ ಬಚ್ಚಿಟ್ಟ ಧಾನ್ಯ ಪೇಟೆಗೆ ಬಂತು, ಪರಿಸ್ಥಿತಿ ಹಿಡಿತಕ್ಕೆ ಬಂತು. ಎರಡನೆಯದು ಶಾಲೆಯದು. 1953ರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ಅರ್ಧ ದಿನ ಮಾತ್ರ ಪಾಠ, ಉಳಿದ ಅರ್ಧ ದಿನ ಅಪ್ಪನ ಕಸುಬು ಕಲಿಯುವುದು. ಶಾಲೆಗಳು ಸಾಲದು, ಮೇಷ್ಟ್ರುಗಳು ಸಾಲದು, ಇರುವುದರಲ್ಲೇ ಇಮ್ಮಡಿ ಮಕ್ಕಳಿಗೆ ಅಕ್ಷರ ಕಲಿಸಬಹುದು ಅನ್ನುವುದು ಅವರ ಲೆಕ್ಕ. ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದರು, ದೊಡ್ಡ ಗಲಾಟೆ ಆಯಿತು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆ ರದ್ದು ಮಾಡಿದರು. ನಮ್ಮ ಅಪ್ಪ ಆಗ ಹಳ್ಳಿ ಶಾಲೆಯಲ್ಲಿ ಓದುತ್ತಿದ್ದ ಹುಡುಗ. ಒಕ್ಕಲಿನ ಮಗನಿಗೆ ಅಪ್ಪನ ಕಸುಬು ಅಂದರೆ ಏನು? ಧಣಿಯ ಗದ್ದೆಯಲ್ಲಿ ನೇಗಿಲು. ರಾಜಾಜಿಯವರ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಕೆಳಗೆ ನಿಂತವನಿಗೆ ಅದು ಹೇಗೆ ಕಾಣುತ್ತದೆ ಅನ್ನುವುದು ಅಷ್ಟು ಬುದ್ಧಿವಂತರಿಗೂ ಹೊಳೆಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1959ರ ಜನವರಿಯಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ. ಮುಂದಿನ ಬೇಸಾಯ ಸಹಕಾರಿ ಕೂಡು ಬೇಸಾಯವಾಗಬೇಕು ಅಂತ ಅಲ್ಲಿ ಠರಾವಾಯಿತು. ರೈತರ ಹೊಲಗಳನ್ನೆಲ್ಲ ಒಟ್ಟುಗೂಡಿಸಿ ಸಾಗುವಳಿ ಮಾಡುವುದು, ಒಡೆತನ ರೈತನದೇ ಇದ್ದರೂ ಬೇಸಾಯ ಒಟ್ಟಿಗೆ. ಚೀನಾದ ಕಮ್ಯೂನುಗಳ ಸುದ್ದಿ ಬರುತ್ತಿದ್ದ ಕಾಲ ಅದು. ಸ್ವಂತ ನೆಲ ಇದ್ದವರಿಗೆ ಎದೆ ಝಲ್ಲೆಂದಿತು. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಕಾಂಗ್ರೆಸ್ ಬಿಟ್ಟರು. ಉತ್ತರಪ್ರದೇಶದ ಚರಣ್ ಸಿಂಗ್ ಕಾಂಗ್ರೆಸ್ಸಿನ ಒಳಗಿದ್ದೇ ವಿರೋಧಿಸಿದರು. ಜೂನ್ 4ರಂದು ಮದ್ರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು, ಆಗಸ್ಟ್ ಮೊದಲ ವಾರ ನಮ್ಮ ಮುಂಬೈಯಲ್ಲಿ ಅದರ ಮೊದಲ ಸಮಾವೇಶ. ರಾಜಾಜಿಗೆ ಆಗ ಎಂಬತ್ತು ದಾಟಿತ್ತು! ಮೊಮ್ಮಕ್ಕಳಿಗೆ ರಾಮಾಯಣ ಹೇಳುತ್ತ ಕೂರುವ ವಯಸ್ಸಿನಲ್ಲಿ, ಜೀವಮಾನ ಸವೆಸಿದ ಕಾಂಗ್ರೆಸ್ಸಿನ ಎದುರು ಹೊಸ ಪಕ್ಷ ಕಟ್ಟಲು ಹೊರಟರು.

ರಂಗಾ ಅಧ್ಯಕ್ಷರು, ಮುಂಬೈಯ ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ಮಸಾನಿ 1934ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. ರಷ್ಯಾದ ಸ್ಟಾಲಿನ್ ಆಡಳಿತ ನೋಡಿ ಸಮಾಜವಾದದ ಮೇಲಿನ ನಂಬಿಕೆ ಕಳೆದುಕೊಂಡವರು. ಜತೆಗೆ ಕೆ.ಎಂ. ಮುನ್ಷಿ, ಹೋಮಿ ಮೋದಿ. ಇಪ್ಪತ್ತೊಂದು ಅಂಶಗಳ ಮೂಲತತ್ವ ಬರೆದುಕೊಂಡರು. ಅದರಲ್ಲಿ ಒಂದು ಅಂಶ ನನಗೆ ಬಹಳ ಹಿಡಿಸಿತು: ಈ ಮೂಲತತ್ವಗಳನ್ನು ಬಿಟ್ಟು ಉಳಿದ ಎಲ್ಲ ವಿಷಯಗಳಲ್ಲಿ ಸದಸ್ಯರು ತಮಗೆ ಸರಿ ಕಂಡಂತೆ ಮಾತಾಡಬಹುದು, ಮತ ಹಾಕಬಹುದು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿದರೆ ಸದಸ್ಯತ್ವವೇ ಹೋಗುವ ಕಾಲ ಇದು. ಈಗ ಅದನ್ನು ಓದಿದರೆ ಬೇರೆ ಲೋಕದ ಮಾತು ಅನ್ನಿಸುತ್ತದೆ.

ಇವರು ಹೋರಾಡಿದ್ದು ಯಾವುದರ ವಿರುದ್ಧ? ರಾಜಾಜಿ ಅದಕ್ಕೆ ಒಂದು ಹೆಸರು ಕೊಟ್ಟರು: ಪರ್ಮಿಟ್ ಲೈಸೆನ್ಸ್ ರಾಜ್. 1951ರ ಕೈಗಾರಿಕಾ ಕಾನೂನಿನ ಪ್ರಕಾರ ಕಾರ್ಖಾನೆ ತೆರೆಯಲು ಲೈಸೆನ್ಸು, ದೊಡ್ಡದು ಮಾಡಲು ಲೈಸೆನ್ಸು, ಹೊಸ ವಸ್ತು ಮಾಡಲು ಲೈಸೆನ್ಸು. ಲೈಸೆನ್ಸು ಇದ್ದವನಿಗೆ ಸ್ಪರ್ಧೆ ಇಲ್ಲ, ಇಲ್ಲದವನಿಗೆ ದಾರಿ ಇಲ್ಲ. ಕೊಡುವವನ ಕೈಯಲ್ಲಿ ಪೆನ್ನು, ಆ ಪೆನ್ನಿಗೆ ಒಂದು ಬೆಲೆ. ಆಳುವ ಪಕ್ಷಕ್ಕೆ ಚುನಾವಣೆಯ ಹಣ ಹುಟ್ಟುವುದೂ ಅಲ್ಲಿಂದಲೇ ಅಂತ ರಾಜಾಜಿ ಮತ್ತೆ ಮತ್ತೆ ಬರೆದರು. ನಮ್ಮ ದೂರದ ಸಂಬಂಧಿಯೊಬ್ಬರು ಆ ಕಾಲದಲ್ಲಿ ಮಾಟುಂಗಾದಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರು ಹೇಳುತ್ತಿದ್ದ ಮಾತು: "ಇಡ್ಲಿ ಹೊಯ್ಯಲು ಒಬ್ಬ ಸಾಕು ಮಾರಾಯ, ಸಕ್ಕರೆ ಅಕ್ಕಿಯ ಪರ್ಮಿಟ್ಟಿಗೆ ಓಡಾಡಲು ಇಬ್ಬರು ಬೇಕಿತ್ತು." ಅವರು ರಾಜಾಜಿಯ ಲೇಖನ ಓದಿದವರಲ್ಲ. ಓದುವ ಅಗತ್ಯವೂ ಇರಲಿಲ್ಲ ಅನ್ನಿ.

ಚುನಾವಣೆಯಲ್ಲಿ ಪಕ್ಷ ಬೇಗನೇ ಬೆಳೆಯಿತು. 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ. 1967ರಲ್ಲಿ 44 ಸ್ಥಾನ, ಕಾಂಗ್ರೆಸ್ ಬಿಟ್ಟರೆ ಅತಿ ದೊಡ್ಡ ಪಕ್ಷ. ರಾಜಸ್ಥಾನ, ಗುಜರಾತಿನ ವಿಧಾನಸಭೆಗಳಲ್ಲಿ ಮುಖ್ಯ ವಿರೋಧ ಪಕ್ಷ. ಜಯಪುರದ ಮಹಾರಾಣಿ ಗಾಯತ್ರಿ ದೇವಿ 1962ರಲ್ಲಿ ಗೆದ್ದ ಅಂತರ ಗಿನ್ನೆಸ್ ದಾಖಲೆಯ ಪುಸ್ತಕಕ್ಕೇ ಹೋಯಿತು. ಆದರೆ ಗಮನಿಸಿ, ಪಕ್ಷ ಎಲ್ಲೆಲ್ಲಿ ಗೆದ್ದಿತೋ ಅಲ್ಲೆಲ್ಲ ಮುಂದೆ ಯಾರಿದ್ದರು? ರಾಜಸ್ಥಾನದಲ್ಲಿ ಮಹಾರಾಣಿ, ಬಿಹಾರದಲ್ಲಿ ರಾಮಗಢದ ರಾಜ, ಒರಿಸ್ಸಾದಲ್ಲಿ ಹಳೆಯ ಸಂಸ್ಥಾನಿಕರು. ಮಸಾನಿಯವರ ಭಾಷಣ ಕೇಳಿ ವೋಟು ಹಾಕಿದವರಿಗಿಂತ ಅರಮನೆಯ ಕಡೆ ಮುಖ ಮಾಡಿ ವೋಟು ಹಾಕಿದವರೇ ಜಾಸ್ತಿ ಅಂತ ಕಾಣುತ್ತದೆ.

ನಮ್ಮ ಮೈಸೂರು ರಾಜ್ಯದ ಲೆಕ್ಕವೂ ಕಡಿಮೆಯದಲ್ಲ. 1967ರಲ್ಲಿ ಇಲ್ಲಿಂದ ಐವರು ಸ್ವತಂತ್ರ ಪಕ್ಷದ ಲೋಕಸಭಾ ಸದಸ್ಯರು, ವಿಧಾನಸಭೆಯಲ್ಲಿ ಹದಿನಾರು ಮಂದಿ. ಉಡುಪಿ ಕ್ಷೇತ್ರದಿಂದ ಗೆದ್ದವರು ಜೆ.ಎಂ. ಲೋಬೋ ಪ್ರಭು, ಹಿಂದೆ ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಇದರಲ್ಲಿ ಆಶ್ಚರ್ಯ ಏನಿಲ್ಲ. ನಮ್ಮ ಜಿಲ್ಲೆ ಸರಕಾರವನ್ನು ಕಾಯದೆ ಬ್ಯಾಂಕು ಕಟ್ಟಿದ ಜಿಲ್ಲೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ 1928ರಲ್ಲೇ ಶುರುವಾಗಿತ್ತು. ಅಂಥ ಊರಿನ ಜನಕ್ಕೆ ಸ್ವಂತ ಉದ್ಯಮದ ಮಾತು ಹೊಸದಲ್ಲ. ಆದರೆ ಅದೇ ಜಿಲ್ಲೆಯಲ್ಲಿ ಗೇಣಿ ಅಕ್ಕಿಯ ಮುಡಿ ಹೊತ್ತು ಧಣಿಯ ಅಂಗಳದಲ್ಲಿ ಇಳಿಸುತ್ತಿದ್ದವರೂ ಮನೆ ಮನೆಯಲ್ಲಿ ಇದ್ದರು. ನಮ್ಮ ಅಜ್ಜನೂ ಅವರಲ್ಲೊಬ್ಬ.

ಸ್ವತಂತ್ರ ಪಕ್ಷದ ಮುಖ್ಯಮಂತ್ರಿ ಅಂತ ಆದದ್ದು ಒಂದೇ ರಾಜ್ಯದಲ್ಲಿ. 1967ರಲ್ಲಿ ಒರಿಸ್ಸಾದಲ್ಲಿ ಪಟ್ನಾ ಸಂಸ್ಥಾನದ ಹಿಂದಿನ ಮಹಾರಾಜ ಆರ್.ಎನ್. ಸಿಂಗ್ ದೇವ್ ಜನ ಕಾಂಗ್ರೆಸ್ಸಿನ ಜತೆ ಸೇರಿ ಸರಕಾರ ಮಾಡಿದರು. ಅದು 1971ರ ಜನವರಿವರೆಗೆ ನಡೆಯಿತು. ಆ ಸರಕಾರ 1967ರಲ್ಲಿ ಮಾಡಿದ ಒಂದು ಕಾನೂನು ಒರಿಸ್ಸಾ ಧರ್ಮ ಸ್ವಾತಂತ್ರ್ಯ ಕಾಯ್ದೆ. ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡುವುದನ್ನು ಅಪರಾಧ ಮಾಡಿದ ಕಾನೂನು, ಸ್ವತಂತ್ರ ಭಾರತದಲ್ಲಿ ಆ ಮಾದರಿಯ ಮೊದಲನೆಯದು. ಮರುವರ್ಷ ಮಧ್ಯಪ್ರದೇಶ, ಆಮೇಲೆ ಒಂದೊಂದಾಗಿ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಬೇಕು, ಬೇಡ ಅನ್ನುವ ವಾದ ಇಂದಿಗೂ ನಡೆದಿದೆ. ವ್ಯಕ್ತಿಯ ಬದುಕಿನಲ್ಲಿ ಸರಕಾರ ಕೈ ಹಾಕಬಾರದು ಅನ್ನುವುದು ಮುಂಬೈಯ ಮಸಾನಿಯವರ ಪಕ್ಷ. ಅದೇ ಪಕ್ಷದ ಒಂದೇ ಒಂದು ಸರಕಾರ ಸಮಾಜದ ಮೇಲೆ ಬಿಟ್ಟುಹೋದ ದೊಡ್ಡ ಗುರುತು ಇದು. ಒಂದೇ ಚಾವಡಿಯಲ್ಲಿ ಎರಡು ಬಗೆಯ ಜನ ಕೂತಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ದಿಲ್ಲಿಯಲ್ಲಿ ಬಿಟ್ಟುಹೋದ ಗುರುತು ಬೇರೆ. ಸರಕಾರ ಖರ್ಚು ಮಾಡಿದ ಹಣದ ಲೆಕ್ಕ ತನಿಖೆ ಮಾಡುವ ಸಂಸತ್ತಿನ ಸಮಿತಿ ಇದೆಯಲ್ಲ, ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದಕ್ಕೆ 1967ರವರೆಗೆ ಆಳುವ ಪಕ್ಷದವರೇ ಅಧ್ಯಕ್ಷರು. ಕಳ್ಳನ ಕೈಯಲ್ಲೇ ಕೀಲಿಕೈ ಅಂತ ಹೇಳಲಾರೆ, ಆದರೆ ನಮ್ಮ ಬ್ಯಾಂಕಿನಲ್ಲಿ ಶಾಖೆಯ ಮ್ಯಾನೇಜರನೇ ಆ ಶಾಖೆಯ ಆಡಿಟರ್ ಆದರೆ ಹೇಗಿರುತ್ತದೆ, ಹಾಗೆ. 1967ರಲ್ಲಿ ಮೊದಲ ಬಾರಿಗೆ ವಿರೋಧ ಪಕ್ಷದ ಒಬ್ಬರು ಅಧ್ಯಕ್ಷರಾದರು. ಅವರು ಮಿನೂ ಮಸಾನಿ. ಅಂದಿನಿಂದ ಇಂದಿನವರೆಗೆ ಆ ಕುರ್ಚಿ ವಿರೋಧ ಪಕ್ಷಕ್ಕೆ ಅನ್ನುವ ಪದ್ಧತಿ ಉಳಿದುಬಂದಿದೆ. ದಿಲ್ಲಿಯಲ್ಲಿ ಎಷ್ಟೋ ಸರಕಾರಗಳು ಬದಲಾದವು, ಪದ್ಧತಿ ಬದಲಾಗಲಿಲ್ಲ.

ಈಗ ಬ್ಯಾಂಕಿನ ವಿಷಯಕ್ಕೆ ಬರೋಣ. 1969ರ ಜುಲೈ 19, ಶನಿವಾರ. ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರ ಸಹಿಯೊಂದಿಗೆ ಸುಗ್ರೀವಾಜ್ಞೆ. ಐವತ್ತು ಕೋಟಿಗಿಂತ ಹೆಚ್ಚು ಠೇವಣಿ ಇದ್ದ ಹದಿನಾಲ್ಕು ಬ್ಯಾಂಕುಗಳು ಸರಕಾರಕ್ಕೆ. ಅವುಗಳಲ್ಲಿ ನಮ್ಮ ಜಿಲ್ಲೆಯವೇ ಎರಡು, ಕೆನರಾ ಮತ್ತು ಸಿಂಡಿಕೇಟ್. ಕಾಂಗ್ರೆಸ್ಸಿನ ಒಳಜಗಳದಲ್ಲಿ ಮೇಲುಗೈ ಪಡೆಯಲು ಇಂದಿರಾ ಇದನ್ನು ಮಾಡಿದರು ಅನ್ನುವುದು ಒಂದು ಮಾತು. ಬ್ಯಾಂಕು ಸಾಲದಲ್ಲಿ ಬೇಸಾಯದ ಪಾಲು ಆಗ ನೂರಕ್ಕೆ ಎರಡರ ಆಸುಪಾಸಿನಲ್ಲಿತ್ತು, ಸಾಲವೆಲ್ಲ ದೊಡ್ಡ ಉದ್ಯಮ, ವ್ಯಾಪಾರಕ್ಕೇ ಹೋಗುತ್ತಿತ್ತು ಅನ್ನುವುದು ಇನ್ನೊಂದು. ಎರಡೂ ನಿಜ.

ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಮುಂಬೈಯ ರುಸ್ತಮ್ ಕಾವಸ್‌ಜೀ ಕೂಪರ್. ಸೆಂಟ್ರಲ್ ಬ್ಯಾಂಕಿನ ನಿರ್ದೇಶಕರು, ಕೆಲವು ಬ್ಯಾಂಕುಗಳ ಷೇರುದಾರರು, ಸ್ವತಂತ್ರ ಪಕ್ಷದ ಮುಂದಾಳುಗಳಲ್ಲಿ ಒಬ್ಬರು. ವಾದಿಸಿದವರು ನಾನಿ ಪಾಲ್ಖಿವಾಲಾ. ಅದೇ ಪಾಲ್ಖಿವಾಲಾ, ಬಜೆಟ್ ಮೇಲಿನ ಅವರ ಭಾಷಣ ಕೇಳಲು ಬ್ರೆಬೋರ್ನ್ ಕ್ರೀಡಾಂಗಣ ತುಂಬುತ್ತಿತ್ತು ಅಂತ ನಮ್ಮ ಹಿರಿಯ ಸಹೋದ್ಯೋಗಿಗಳು ಕ್ರಿಕೆಟ್ ಪಂದ್ಯದ ಹಾಗೆ ವರ್ಣಿಸುತ್ತಿದ್ದರು. 1970ರ ಫೆಬ್ರವರಿ 10ರಂದು ತೀರ್ಪು ಬಂತು. ಹನ್ನೊಂದು ನ್ಯಾಯಾಧೀಶರಲ್ಲಿ ಹತ್ತು ಮಂದಿ ಕೂಪರ್ ಪರ. ಪರಿಹಾರ ಕೊಡುವ ಲೆಕ್ಕ ಸರಿಯಿಲ್ಲ, ಹದಿನಾಲ್ಕು ಬ್ಯಾಂಕುಗಳನ್ನು ಮಾತ್ರ ಆರಿಸಿ ಕಟ್ಟಿಹಾಕಿದ್ದು ತಾರತಮ್ಯ ಅಂತ ಕಾನೂನು ಬಿದ್ದುಹೋಯಿತು. ಬಿದ್ದರೇನಂತೆ? ನಾಲ್ಕೇ ದಿನಕ್ಕೆ ಹೊಸ ಸುಗ್ರೀವಾಜ್ಞೆ ಬಂತು. ಹದಿನಾಲ್ಕು ಬ್ಯಾಂಕುಗಳಿಗೆ ಒಟ್ಟು 87.40 ಕೋಟಿ ರೂಪಾಯಿ ಪರಿಹಾರ ಅಂತ ಗೊತ್ತು ಮಾಡಿ ರಾಷ್ಟ್ರೀಕರಣ ಉಳಿಯಿತು. ಮುಂದೆ 1971ರಲ್ಲಿ ಸಂವಿಧಾನದ 25ನೇ ತಿದ್ದುಪಡಿ ಮಾಡಿ ಪರಿಹಾರ ಅನ್ನುವ ಶಬ್ದವನ್ನೇ ತೆಗೆದು ಮೊತ್ತ ಅಂತ ಹಾಕಿದರು!

ಹಾಗಾದರೆ ಕೂಪರ್ ಗೆದ್ದು ಸೋತರೇ? ಬ್ಯಾಂಕಿನ ಲೆಕ್ಕದಲ್ಲಿ ಸೋತರು. ಆದರೆ ಆ ತೀರ್ಪಿನಲ್ಲಿ ಇನ್ನೊಂದು ವಿಷಯ ಇತ್ತು. ಅಲ್ಲಿಯವರೆಗೆ ಕೋರ್ಟು ಮೂಲಭೂತ ಹಕ್ಕುಗಳನ್ನು ಒಂದೊಂದೇ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ನೋಡುತ್ತಿತ್ತು. ಹಾಗಲ್ಲ, ಸರಕಾರದ ಕ್ರಮದಿಂದ ಪ್ರಜೆಯ ಮೇಲೆ ಆಗುವ ಪರಿಣಾಮ ಏನು ಅಂತ ಎಲ್ಲ ಹಕ್ಕುಗಳನ್ನು ಸೇರಿಸಿ ನೋಡಬೇಕು ಅಂತ ಕೂಪರ್ ತೀರ್ಪು ಹೇಳಿತು. 1978ರಲ್ಲಿ ಮನೇಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣ ಈ ತಳಹದಿಯ ಮೇಲೆ ನಿಂತಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಹೇಳುವಾಗಲೂ ಇದೇ ದಾರಿಯಲ್ಲಿ ಬಂದರು. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರಲ್ಲಿ ಬ್ಯಾಂಕು ಖಾತೆಗೆ ಆಧಾರ್ ಜೋಡಿಸುವುದು ಕಡ್ಡಾಯವಲ್ಲ ಅಂತ ಕೋರ್ಟು ಹೇಳಿದಾಗ ನಮ್ಮ ಕೌಂಟರಿನಲ್ಲಿ ಎಷ್ಟೋ ಮಂದಿ ಬಂದು ಕೇಳಿದರು. ಅವರಲ್ಲಿ ಯಾರಿಗೂ ಕೂಪರ್ ಹೆಸರು ಗೊತ್ತಿರಲಿಕ್ಕಿಲ್ಲ. ಬ್ಯಾಂಕಿನ ಷೇರುದಾರ ತನ್ನ ಆಸ್ತಿಗಾಗಿ ಹೂಡಿದ ದಾವೆ ಹೀಗೆ ಐವತ್ತು ವರ್ಷದಲ್ಲಿ ಷೇರೇ ಇಲ್ಲದವನ ಕಾವಲಿಗೂ ಬಂತು.

ಇರಲಿ. ಜನತಾ ನ್ಯಾಯಾಲಯದಲ್ಲಿ ಏನಾಯಿತು? 1971ರ ಚುನಾವಣೆಯಲ್ಲಿ ಸ್ವತಂತ್ರ ಪಕ್ಷ, ಜನಸಂಘ, ಹಳೆ ಕಾಂಗ್ರೆಸ್, ಸಂಯುಕ್ತ ಸೋಷಲಿಸ್ಟರು ಎಲ್ಲ ಸೇರಿ ಇಂದಿರಾರನ್ನು ಇಳಿಸಿ ಅಂದರು. ಇಂದಿರಾ ಬಡತನ ಅಳಿಸಿ ಅಂದರು. 44 ಇದ್ದ ಸ್ವತಂತ್ರ ಪಕ್ಷ 8ಕ್ಕೆ ಇಳಿಯಿತು. ಮಸಾನಿ ಅಧ್ಯಕ್ಷತೆ ಬಿಟ್ಟರು. ಉಡುಪಿಯೂ ಕಾಂಗ್ರೆಸ್ಸಿಗೆ ಹೋಯಿತು.

ಇಂದಿರಾ ಅಲೆ ಅಂತ ಹೇಳಿ ಮುಗಿಸಬಹುದು. ಆದರೆ ನಮ್ಮ ಅಜ್ಜನ ಕಡೆಯಿಂದ ನೋಡಿ. ಆಸ್ತಿ ಮನುಷ್ಯನ ಸ್ವಾತಂತ್ರ್ಯದ ಬೇರು ಅಂತ ಸ್ವತಂತ್ರ ಪಕ್ಷ ಹೇಳಿತು. ಒಪ್ಪಿದೆ. ಆದರೆ ಮೂರು ತಲೆಮಾರು ಉತ್ತು, ಚಾಲಗೇಣಿಯ ಮೇಲೆ, ಧಣಿ ಬಿಡಿಸಿದರೆ ಬಿಡಬೇಕಾದ ನೆಲದ ಮೇಲೆ ಗುಡಿಸಲು ಕಟ್ಟಿಕೊಂಡವನಿಗೆ ಆ ಮಾತಿನಿಂದ ಏನು ಸಿಕ್ಕಿತು? ಅವನ ಸ್ವಾತಂತ್ರ್ಯದ ಬೇರು ಎಲ್ಲಿ? ಕೂಡು ಬೇಸಾಯ ಬಂದರೆ ರೈತನ ನೆಲ ಹೋಗುತ್ತದೆ ಅಂತ ಪಕ್ಷ ಎಚ್ಚರಿಸಿದಾಗ ಅಜ್ಜನಿಗೆ ಹೆದರಿಕೆ ಆಗಲಿಲ್ಲ, ಯಾಕೆಂದರೆ ಹೋಗಲು ನೆಲವೇ ಇರಲಿಲ್ಲ. ಸಣ್ಣ ರೈತನನ್ನೂ ಮಹಾರಾಜನನ್ನೂ ಒಂದೇ ಉಸಿರಿನಲ್ಲಿ ಕಾಪಾಡಲು ಹೊರಟದ್ದೇ ಈ ಪಕ್ಷದ ತೊಂದರೆ. ಜನಕ್ಕೆ ಮಹಾರಾಜ ಮಾತ್ರ ಕಂಡ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಸರಕಾರಕ್ಕೆ, ಉಳುವವನು ಡಿಕ್ಲರೇಶನ್ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಿಸಿ ಅವನಿಗೆ. ಅಜ್ಜನೂ ಡಿಕ್ಲರೇಶನ್ ಹಾಕಿದ. ಒಂದೂವರೆ ಎಕರೆ ಸಿಕ್ಕಿತು. ಆ ಗದ್ದೆಯ ಬಲದಿಂದ ನಾವು ಓದಿದೆವು, ನಾನು ಬಿ.ಕಾಂ. ಮುಗಿಸಿದೆ. ಹಾಗಂತ ಇನ್ನೊಂದು ಬದಿಯನ್ನೂ ಹೇಳಬೇಕು. ಅದೇ ಊರಿನಲ್ಲಿ ಎರಡೇ ಎಕರೆ ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಬದುಕುತ್ತಿದ್ದ ವಿಧವೆಯರಿದ್ದರು, ಬಡ ಪುರೋಹಿತರಿದ್ದರು. ಅವರ ನೆಲವೂ ಹೋಯಿತು. ಪರಿಹಾರ ಅಂತ ಬಂದದ್ದು ಅಷ್ಟಕ್ಕಷ್ಟೇ. ನ್ಯಾಯವಾದ ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳಬಾರದು ಅಂತ ರಾಜಾಜಿ, ಮಸಾನಿ ಬೊಬ್ಬೆ ಹೊಡೆದದ್ದು ಮಹಾರಾಜರಿಗಾಗಿ ಮಾತ್ರ ಅಲ್ಲ ಅಂತ ಅಂಥ ಮನೆಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ. ನಮಗೆ ಸಿಕ್ಕ ಅನ್ನ ಇನ್ನೊಬ್ಬರ ತಟ್ಟೆಯಿಂದ ಬಂತೇ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಸರಳ ಉತ್ತರ ಇಲ್ಲ. ಧಣಿಯ ದೊಡ್ಡ ಮನೆಯಿಂದ ಬಂದದ್ದಕ್ಕೆ ಚಿಂತೆಯಿಲ್ಲ, ಆ ವಿಧವೆಯ ಮನೆಯಿಂದ ಬಂದಿದ್ದರೆ ಚಿಂತೆಯೇ.

ಬ್ಯಾಂಕಿನ ಲೆಕ್ಕವೂ ಹೀಗೆಯೇ ಎರಡು ಬದಿಯದು. 1969ರಲ್ಲಿ ದೇಶದಲ್ಲಿ ಇದ್ದ ವಾಣಿಜ್ಯ ಬ್ಯಾಂಕು ಶಾಖೆಗಳು ಎಂಟು ಸಾವಿರ ಚಿಲ್ಲರೆ. 1990ರ ಹೊತ್ತಿಗೆ ಸುಮಾರು ಅರವತ್ತು ಸಾವಿರ. ಹಳ್ಳಿ ಹಳ್ಳಿಗೆ ಬ್ಯಾಂಕು ಹೋದದ್ದು, ಒಕ್ಕಲಿನ ಮಗ ಚಿನ್ನ ಅಡವಿಡದೆ ಬೆಳೆಸಾಲ ಪಡೆದದ್ದು ಈ ಕಾಲದಲ್ಲಿ. ಅದೇ ಕಾಲದಲ್ಲಿ ಸಾಲ ಮೇಳಗಳನ್ನು ಮಾಡಿ, ಯಾರು ತೀರಿಸುತ್ತಾರೆ ಅಂತ ಕೇಳದೆ ಹಂಚಿದ್ದೂ ಆಯಿತು. ಬ್ಯಾಂಕು ರಾಜಕಾರಣಿಯ ಕೈಗೆ ಹೋದರೆ ಸಾಲ ವೋಟಿನ ಬೆಲೆ ಆಗುತ್ತದೆ ಅಂತ ಹೇಳಿದವರ ಮಾತು ಸುಳ್ಳಾಗಲಿಲ್ಲ. ವಸೂಲಿಗೆ ಹೋದ ನಮ್ಮಂಥ ಅಧಿಕಾರಿಗಳು ಅದನ್ನು ಕಣ್ಣಾರೆ ಕಂಡವರು.

ಪಕ್ಷದ ಕೊನೆಯ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು, 94 ವರ್ಷ. ಹೋಮಿ ಮೋದಿಯವರ ಮಗ ಪಿಲೂ ಮೋದಿ ಅಧ್ಯಕ್ಷರಾದರು. ವಿರೋಧಿಸಿದವರನ್ನೆಲ್ಲ ಅಮೆರಿಕದ ಕೈಗೊಂಬೆ ಅನ್ನುತ್ತಿದ್ದ ಆ ಕಾಲದಲ್ಲಿ "ನಾನು ಸಿ.ಐ.ಎ. ಏಜೆಂಟ್" ಅಂತ ಫಲಕ ನೇತುಹಾಕಿಕೊಂಡು ಸಂಸತ್ತಿಗೆ ಬಂದ ಆಸಾಮಿ! 1974ರ ಆಗಸ್ಟಿನಲ್ಲಿ ಪಕ್ಷವನ್ನು ಚರಣ್ ಸಿಂಗರ ಜತೆ ಸೇರಿಸಿ ಭಾರತೀಯ ಲೋಕದಳ ಆಯಿತು. 1977ರಲ್ಲಿ ಜನತಾ ಪಕ್ಷ ಗೆದ್ದದ್ದು ಆ ಲೋಕದಳದ ನೇಗಿಲು ಹೊತ್ತ ರೈತನ ಗುರುತಿನಲ್ಲೇ. ಗುಜರಾತಿನ ಸ್ವತಂತ್ರ ಪಕ್ಷದಲ್ಲಿದ್ದ ಎಚ್.ಎಂ. ಪಟೇಲ್ ಹಣಕಾಸು ಮಂತ್ರಿಯಾದರು. ಆದರೆ ವಿಧಿಯಾಟ ನೋಡಿ, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಕಿತ್ತುಹಾಕಿದ್ದು ಇಂದಿರಾ ಸರಕಾರವಲ್ಲ. 1978ರಲ್ಲಿ 44ನೇ ತಿದ್ದುಪಡಿ ತಂದ ಇದೇ ಜನತಾ ಸರಕಾರ. ಯಾವುದನ್ನು ಕಾಪಾಡಲು ಪಕ್ಷ ಹುಟ್ಟಿತೋ ಅದು ಅವರಲ್ಲಿ ಉಳಿದವರು ಕೂತಿದ್ದ ಸರಕಾರದಲ್ಲೇ ಹೋಯಿತು.

ಇತ್ತ 1973-74ರಲ್ಲಿ ಆದಾಯ ತೆರಿಗೆಯ ಮೇಲಿನ ದರ, ಸರ್‌ಚಾರ್ಜ್ ಸೇರಿ, ನೂರಕ್ಕೆ 97.75 ಮುಟ್ಟಿತ್ತು. ಅಂದರೆ ಆ ಹಂತದಲ್ಲಿ ನೂರು ರೂಪಾಯಿ ದುಡಿದವನ ಕೈಯಲ್ಲಿ ಉಳಿಯುವುದು ಎರಡೂಕಾಲು ರೂಪಾಯಿ. ಇಂಥ ಲೆಕ್ಕ ಕಪ್ಪು ಹಣ ಹುಟ್ಟಿಸದೆ ಇನ್ನೇನು ಹುಟ್ಟಿಸೀತು? ಕೊನೆಗೆ 1991ರ ಜುಲೈ 24ರಂದು, ವಿದೇಶಿ ವಿನಿಮಯ ತಳ ಕಂಡ ಮೇಲೆ, ನರಸಿಂಹರಾಯರ ಕಾಂಗ್ರೆಸ್ ಸರಕಾರ ಹದಿನೆಂಟು ಉದ್ಯಮ ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸು ಬೇಡ ಅಂದಿತು. ರಾಜಾಜಿ ಮೂವತ್ತು ವರ್ಷ ಹಿಂದೆ ಕೇಳಿದ್ದು ಅದನ್ನೇ. ಮಸಾನಿ ಅದನ್ನು ನೋಡಲು ಇದ್ದರು, ತೀರಿಕೊಂಡದ್ದು 1998ರಲ್ಲಿ. ಆದರೆ ಮಾಡಿದವರು ಯಾರೂ ಸ್ವತಂತ್ರ ಪಕ್ಷದ ಹೆಸರೆತ್ತಲಿಲ್ಲ. ಸೋತವನ ಹೊಲದ ಬೀಜ ಗೆದ್ದವನ ಹೊಲದಲ್ಲಿ ಮೊಳೆತರೆ ಕೀರ್ತಿ ಯಾರಿಗೆ?

ಇನ್ನೂ ಒಂದು ತಮಾಷೆ ಇದೆ. 1989ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಚುನಾವಣಾ ಆಯೋಗದಲ್ಲಿ ನೋಂದಾಯಿಸುವ ಪ್ರತಿಯೊಂದು ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ಬರೆದುಕೊಡಬೇಕು. ಇದು ಸರಿಯಲ್ಲ ಅಂತ ಸ್ವತಂತ್ರ ಪಕ್ಷದ ಹಳಬರು ನಮ್ಮ ಮುಂಬೈ ಹೈಕೋರ್ಟಿಗೂ ಹೋಗಿದ್ದರು. ನಿಯಮ ಈಗಲೂ ಹಾಗೆಯೇ ಇದೆ. ಅಂದರೆ ಇವತ್ತು ರಾಜಾಜಿ ಬದುಕಿ ಬಂದರೂ ತಾನು ನಂಬದ್ದಕ್ಕೆ ಸಹಿ ಹಾಕದೆ ಪಕ್ಷ ನೋಂದಾಯಿಸುವಂತಿಲ್ಲ.

ನನಗೆ ತಿಳಿದ ಮಟ್ಟಿಗೆ ಲೆಕ್ಕ ಇಷ್ಟು. 1991ರಲ್ಲಿ ದೇಶ ಈ ಪಕ್ಷದ ಅರ್ಧ ಮಾತು ತೆಗೆದುಕೊಂಡಿತು, ವ್ಯಾಪಾರದ ಅರ್ಧ. ಉಳಿದರ್ಧ, ಅಂದರೆ ಸರಕಾರಕ್ಕೆ ಕಡಿವಾಣ ಬೇಕು, ಲೆಕ್ಕ ಕೇಳುವವರು ಬೇಕು, ಹಂಚುವ ಮೊದಲು ಹಣ ಎಲ್ಲಿಂದ ಅಂತ ಹೇಳಬೇಕು, ಸದಸ್ಯನಿಗೆ ತನ್ನ ಮನಸ್ಸಾಕ್ಷಿ ಇರಬೇಕು ಅನ್ನುವ ಅರ್ಧವನ್ನು ಯಾವ ಪಕ್ಷವೂ ತೆಗೆದುಕೊಳ್ಳಲಿಲ್ಲ. ಈಗ ಒಂದು ಪಕ್ಷ ಸಾಲ ಮನ್ನಾ ಅಂದರೆ ಇನ್ನೊಂದು ಅದಕ್ಕಿಂತ ದೊಡ್ಡ ಮನ್ನಾ ಅನ್ನುತ್ತದೆ. ಎಡವೂ ಕೊಡುತ್ತದೆ, ಬಲವೂ ಕೊಡುತ್ತದೆ. ಬೇಡ, ತಡೆಯಿರಿ ಅನ್ನುವ ಅಜ್ಜನಂಥ ಪಕ್ಷ ಒಂದು ಮನೆಗೆ ಬೇಕು. ಆದರೆ ಆ ಅಜ್ಜ ತಲೆಬಾಗಿಲಿನಲ್ಲಿ ಕೂತು ಒಳಗಿನ ಪೆಟ್ಟಿಗೆಯನ್ನಷ್ಟೇ ಕಾದರೆ ಸಾಲದು, ಅಂಗಳದಲ್ಲಿ ಮುಡಿ ಹೊತ್ತು ನಿಂತವನು ಯಾರು, ಅವನ ನೆಲ ಎಲ್ಲಿ ಅಂತಲೂ ಕೇಳಬೇಕು. ಸ್ವತಂತ್ರ ಪಕ್ಷ ಇದನ್ನು ಕೇಳಿದ್ದರೆ ಅದರ ಹಣೆಬರಹ ಬೇರೆ ಆಗುತ್ತಿತ್ತೋ ಏನೋ.

ಕಾರ್ಪೊರೇಶನ್, ವಿಜಯಾ ಎರಡೂ 1980ರಲ್ಲಿ ಸರಕಾರಿ ಆದವು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ, 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ನಮ್ಮ ಜಿಲ್ಲೆ ಕಟ್ಟಿದ ನಾಲ್ಕು ಬ್ಯಾಂಕುಗಳಲ್ಲಿ ಹೆಸರು ಉಳಿದದ್ದು ಒಂದೇ. ರಾಷ್ಟ್ರೀಕರಣ ಆಗುವಾಗಲೂ ಊರಿನವರನ್ನು ಯಾರೂ ಕೇಳಲಿಲ್ಲ, ವಿಲೀನ ಆಗುವಾಗಲೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರು ಇದ್ದರೆ 1967ರಲ್ಲಿ ನಕ್ಷತ್ರಕ್ಕೆ ವೋಟು ಹಾಕಿದ್ದಿರಾ, ಯಾಕೆ ಹಾಕಿದಿರಿ ಅಂತ ಒಮ್ಮೆ ಕೇಳಿ ನೋಡಿ. ಧಣಿ ಹೇಳಿದ್ದಕ್ಕೋ, ಮನಸ್ಸಿಗೆ ಬಂದದ್ದಕ್ಕೋ? ನಮ್ಮ ಅಜ್ಜನನ್ನು ಕೇಳುವ ಮೊದಲೇ ಅವನು ಹೋಗಿಬಿಟ್ಟ.